ಕಹಳೆ ಬಿದ್ದ ಕಣಿವೆ

ಮುಸುಕಲ್ಲುದುರ್ಗದಲ್ಲಿ ಬಸ್ಸಿನಿಂದ ಇಳಿದು ಹಳೇ ಪೇಟೆಗೆ ಬೆನ್ನು ಮಾಡಿ ನಿಂತರೆ, ಎದುರಿನ ಬೆಟ್ಟದ ಪಕ್ಕೆಯಲ್ಲಿ ಒಂದು ಕಾಲುದಾರಿ ಏರಿಹೋಗುವುದು ಕಾಣುತ್ತದೆ. ಅದರ ಒಂದು ಬದಿಗೆ ನೆಟ್ಟಗೆ ನಿಂತ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ. ಆ ಏನೂ ಇಲ್ಲದ ಬದಿಗೆ ಈಗ ಕಬ್ಬಿಣದ ಕಂಬಿ ಹಾಕಿಸಿದ್ದಾರೆ. ಆದರೂ ಬಂದವರು ಬಂಡೆಗೆ ಭುಜ ಉಜ್ಜಿಕೊಂಡೇ ಹತ್ತುತ್ತಾರೆ. ಕೆಳಗಿನ ಫಲಕದಲ್ಲಿ ಇದರ ಹೆಸರು ಕಹಳೆ ಬಿದ್ದ ಕಣಿವೆ ಎಂದಿದೆ. ಮಕ್ಕಳನ್ನು ಕರೆತರುವ ಮೇಷ್ಟರುಗಳು, ಯಾವುದೋ ಯುದ್ಧದಲ್ಲಿ ಇಲ್ಲಿ ರಣಗಹಳೆ ಬಿದ್ದುಹೋಯಿತು ಎಂದು ಎರಡು ಮಾತಿನಲ್ಲಿ ಕಥೆ ಮುಗಿಸಿ ಬುತ್ತಿ ಬಿಚ್ಚುತ್ತಾರೆ. ಯುದ್ಧ ಬಂದದ್ದು ನಿಜ. ಆದರೆ ಈ ದಾರಿಯಲ್ಲಿ ಯಾರೂ ಕತ್ತಿ ಹಿಡಿದು ಹೋರಾಡಲಿಲ್ಲ. ಊರ ಹಿರಿಯರು ಹೇಳುವುದೇ ಬೇರೆ.

ಹಿಂದೆ ಒಮ್ಮೆ ಈ ದುರ್ಗವನ್ನು ಬಸವಂತನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಅವನ ಪಲ್ಲಕ್ಕಿ ಹೊರಟಿತೆಂದರೆ ಮುಂದೆ ಬೆಳ್ಳಿಕಟ್ಟಿನ ಕಹಳೆ ಮೊಳಗಬೇಕು. ಕಹಳೆ ಕೇಳಿದವರು, ಒಕ್ಕಲಿರಲಿ ಸೆಟ್ಟಿಯಿರಲಿ, ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಪಲ್ಲಕ್ಕಿಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂರಬೇಕು. ಪಲ್ಲಕ್ಕಿ ಮರೆಯಾಗುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ದೊರೆಯ ಮುಖ ನೋಡಿದರೆ ಕಣ್ಣು ಹೋಗುತ್ತದೆಂದು ಹೆಂಗಸರು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಇದನ್ನು ಜನ ಕಷ್ಟವೆಂದು ತಿಳಿದಿದ್ದರೆನ್ನಬೇಡಿ. ನಮ್ಮ ದೊರೆಯ ಗತ್ತು ಯಾವ ದೊರೆಗಿದೆ ಎಂದು ಪಕ್ಕದ ಸೀಮೆಯ ನೆಂಟರ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ಆ ಕಹಳೆ ಊದುತ್ತಿದ್ದವನು ಓಬಯ್ಯ. ಅವನಪ್ಪ, ಅವನಜ್ಜ ಊದಿದ್ದೂ ಅದೇ ಕಹಳೆಯನ್ನು. ಅವನು ಊದಿದೊಡನೆ ಸಂತೆಗೆ ಸಂತೆಯೇ ಕುಸಿದು ಕೂರುವುದನ್ನು ನೋಡಿದಾಗ ಅವನಿಗೂ ಒಳಗೊಳಗೇ ಹಿಗ್ಗಾಗುತ್ತಿತ್ತು. ಹಿಂದಿರುಗಿ ಪಲ್ಲಕ್ಕಿಯತ್ತ ನೋಡುವ ಹಕ್ಕು ಮಾತ್ರ ಅವನಿಗೂ ಇರಲಿಲ್ಲ.

ಆ ವರ್ಷ ಬಡಗಲಿಂದ ದಂಡು ಬಂತು. ಕುದುರೆಯವರು ಬಯಲುಸೀಮೆಯ ಊರುಗಳನ್ನು ಒಂದೊಂದಾಗಿ ಸುಡುತ್ತ ಬರುತ್ತಿದ್ದಾರೆಂಬ ಸುದ್ದಿ ಮೊದಲು ಬಂತು, ಹೊಗೆ ಆಮೇಲೆ ಕಾಣಿಸಿತು. ಪೇಟೆಯ ಜನ ಗಂಟುಮೂಟೆ ಕಟ್ಟುವ ಹೊತ್ತಿಗೆ ಅರಮನೆಯ ಆನೆಗಳ ಮೇಲೆ ಹಾಸಿಗೆ, ಕನ್ನಡಿ, ಮಂಚದ ಕಾಲುಗಳು ಸಾಗಿಹೋದವು. "ನಮ್ಮ ಮುದುಕರನ್ನ ಹೊತ್ಕೊಳ್ಳಾಕೆ ಒಂದು ಆನೆ ಇರ್ಲಿಲ್ವೇನು?" ಎಂದು ಕಂಬಳಿ ನೇಯುವ ಗೌರಯ್ಯ ಗೊಣಗಿದ. "ಬಾಯಿ ಮುಚ್ಚು. ದೊರೆ ಉಳಿದ್ರೆ ನಾಡು ಉಳಿದಂಗೆ," ಎಂದು ಅವನ ಹೆಂಡತಿಯೇ ಗದರಿದಳು. "ನಾಡು ಅಂದ್ರೆ ನಾವಲ್ಲೇನೇ?" ಎಂದು ಅವನು ಕೇಳಿದ್ದಕ್ಕೆ ಸುತ್ತಲಿದ್ದವರು ಹೆದರಿ ದೂರ ಸರಿದರು. ಆನೆಗಳು ಹೋದ ಬಯಲ ದಾರಿಗೆ ಅಷ್ಟರಲ್ಲಿ ದಂಡು ಅಡ್ಡ ಬಂದಿತ್ತು. ಪಾರಾಗಲು ಉಳಿದದ್ದು ಈ ಕಣಿವೆಯೊಂದೇ. ನಸುಕಿಗೇ ಜನ ಸಾಲುಗಟ್ಟಿ ಹತ್ತತೊಡಗಿದರು. ಓಬಯ್ಯನ ಮಗಳು ಸಿರಿಯಕ್ಕನೂ ಎದೆಹಾಲು ಕುಡಿಯುವ ಕೂಸನ್ನು ಬಗಲಿಗೆ ಕಟ್ಟಿಕೊಂಡು ಆ ಸಾಲಿನಲ್ಲಿ ಹೋದಳು. ನಾಯಕನ ಪಲ್ಲಕ್ಕಿ ಹೊರಟಿದ್ದು ಬಿಸಿಲೇರಿದ ಮೇಲೆ.

ಮೊದಲ ತಿರುವು ಬಂದಾಗ ಓಬಯ್ಯ ವಾಡಿಕೆಯಂತೆ ಕಹಳೆ ಎತ್ತಿ ಊದಿದ. ಅದು ತಪ್ಪೆಂದು ಅವನಿಗೆ ಹೊಳೆಯಲೇ ಇಲ್ಲ. ತಿರುವು ದಾಟಿ ನೋಡುತ್ತಾನೆ, ದಾರಿಯ ತುಂಬ ಇದ್ದ ಜನ ಪಕ್ಕಕ್ಕೆ ಸರಿದಿದ್ದಾರೆ. ಬಂಡೆಯ ಬದಿಗಿದ್ದವರು ಬಂಡೆಗೆ ಮುಖ ಒತ್ತಿ ಕೂತಿದ್ದಾರೆ. ಪ್ರಪಾತದ ಬದಿಗಿದ್ದವರು ಪ್ರಪಾತಕ್ಕೆ ಮುಖ ಮಾಡಿ, ಕಾಲ ಬೆರಳುಗಳನ್ನು ಅಂಚಿಗೆ ಊರಿ, ಹುಲ್ಲಿನ ಬುಡ ಹಿಡಿದು ಕೂತಿದ್ದಾರೆ. ಬೋಯಿಗಳು ಪಲ್ಲಕ್ಕಿ ಹೊತ್ತು ಆ ಬೆನ್ನುಗಳ ನಡುವೆ ನುಗ್ಗಿದರು. ಯಾವನ ಮೊಣಕಾಲು ತಗುಲಿತೋ, ಗೌರಯ್ಯ ಜಾರಿದ. ಅವನ ಹೆಂಡತಿ ಪಕ್ಕದಲ್ಲೇ ಇದ್ದಳು. ಜಾರಿದವನು ಕೂಗಲಿಲ್ಲ, ಕಂಡವಳೂ ಕೂಗಲಿಲ್ಲ. ದೊರೆ ಇನ್ನೂ ದಾಟಿರಲಿಲ್ಲವಲ್ಲ. ಕೆಳಗೆಲ್ಲೋ ಕಲ್ಲುರುಳಿದ ಸದ್ದಷ್ಟೇ ಕೇಳಿತು. ಹಿಂದೆ ಉರಿಯುತ್ತಿದ್ದ ಊರುಗಳಿಗಿಂತ, ದಂಡಿನ ಕುದುರೆಗಳಿಗಿಂತ ಓಬಯ್ಯನಿಗೆ ತನ್ನ ಕೈಯಲ್ಲಿದ್ದ ಕಹಳೆಯ ಭಯವೇ ಹೆಚ್ಚಾಯಿತು.

ಎರಡನೆಯ ತಿರುವಿನಲ್ಲಿ ದಾರಿ ಇನ್ನೂ ಕಿರಿದು. ಅದರಾಚೆ ಕೂಸೊಂದು ಅಳುತ್ತಿತ್ತು. ಅದು ತನ್ನ ಮೊಮ್ಮಗುವೇ ಎಂದು ಓಬಯ್ಯನಿಗೆ ಒಂದು ಗಳಿಗೆಯೂ ಅನುಮಾನ ಬರಲಿಲ್ಲ. ಕಹಳೆ ಊದಿದರೆ ಸಿರಿಯಕ್ಕ ಸರಿಯುತ್ತಾಳೆ. ಸರಿಯಬೇಕೆಂದು ಅವಳಿಗೆ ಎಳವೆಯಲ್ಲಿ ಕಲಿಸಿದವನು ಅವನೇ. ಅವನು ನಿಂತ. ಹಿಂದೆ ಪಲ್ಲಕ್ಕಿಯೂ ನಿಂತಿತು. ದಳವಾಯಿ ಹಂಪಣ್ಣ ಬುಸುಗುಟ್ಟುತ್ತ ಮುಂದೆ ಬಂದ. "ಯಾಕ್ಲಾ ಊದ್ಲಿಲ್ಲ?"

"ಊದಿದ್ರೆ ಜನ ದಾರಿ ಬಿಡ್ತಾರೆ ಬುದ್ಧೀ," ಎಂದ ಓಬಯ್ಯ. "ಬಿಡಾಕೆ ಜಾಗ ಇಲ್ಲ."

ಹಂಪಣ್ಣ ಕಹಳೆ ಕಿತ್ತುಕೊಳ್ಳಲು ಕೈ ಚಾಚಿದ. ಅಜ್ಜನ ಕಾಲದ ಆ ಕಹಳೆಯನ್ನು ಓಬಯ್ಯ ಪ್ರಪಾತಕ್ಕೆ ಎಸೆದುಬಿಟ್ಟ. ಅದು ಬಂಡೆಯಿಂದ ಬಂಡೆಗೆ ಬಡಿಯುತ್ತ ಹೋಗುವುದನ್ನು ಎಲ್ಲರೂ ಕೇಳಿದರು ಎನ್ನುತ್ತಾರೆ. ದಳವಾಯಿಯ ಕತ್ತಿ ಹೊರಬಂತು. ಆಗ ಪಲ್ಲಕ್ಕಿಯ ಪರದೆ ಸರಿಸಿ ನಾಯಕನೇ, "ಅವನ ವಿಚಾರ ಮೇಲೆ ಹೋಗಿ ನೋಡೋಣ. ಕುದುರೆ ಸದ್ದು ಕೇಳ್ತಿದೆ. ನನ್ನ ಇಳಿಸ್ರೋ," ಎಂದ. ಆ ಸೀಮೆಯಲ್ಲಿ ಎಂದೂ ನೆಲ ಮುಟ್ಟದ ಪಲ್ಲಕ್ಕಿಯನ್ನು ಬೋಯಿಗಳು ಅಲ್ಲೇ ಇಳಿಸಿದರು.

ಇಳಿದ ನಾಯಕ ರುಮಾಲು ಬಿಚ್ಚಿಟ್ಟು ತಿರುವಿನಾಚೆಯ ಸಾಲಿನೊಳಗೆ ಸೇರಿದ. ಅವನ ಮುಖ ಕಂಡವರು ಯಾರಿದ್ದರು? ಮೆತ್ತನೆಯ ಪಾದದ, ಏದುಸಿರು ಬಿಡುವ ದಪ್ಪನೆಯ ಗಂಡಸೊಬ್ಬ, ಅಷ್ಟೇ. ಮುದುಕಿಯೊಬ್ಬಳು, "ಬಿರಬಿರನೆ ನಡಿಯಪ್ಪಾ, ಮದ್ವಿ ದಿಬ್ಬಣಕ್ಕೆ ಹೊಂಟೀಯೇನು?" ಎಂದು ಬೆನ್ನಿಗೆ ತಿವಿದಳು. ಹಂಪಣ್ಣ ಓಬಯ್ಯನನ್ನು ಹಿಡಿದುಕೊಂಡು ಸಾಲಿನಲ್ಲಿ ತೀರ ಹಿಂದೆ ಉಳಿದಿದ್ದ. ಅಷ್ಟರಲ್ಲಿ ಕಲ್ಲು ಹತ್ತಲಾರದೆ ನಿಂತಿದ್ದ ಸಿರಿಯಕ್ಕ ಆ ಗಂಡಸಿನತ್ತ ತಿರುಗಿ, "ಅಣ್ಣಾ, ಕೈ ಖಾಲಿ ಐತಲ್ಲ, ಇದನ್ನ ಹಿಡ್ಕೋ," ಎಂದು ಕೂಸನ್ನು ಅವನ ತೋಳಿಗೆ ಹಾಕಿದಳು. ನಾಯಕ ಹಿಡಿದುಕೊಂಡ. ಹಿಡಿಯಲು ಬಾರದೆ ಎದೆಗೆ ಅವುಚಿಕೊಂಡು, ಒಂದೊಂದು ಹೆಜ್ಜೆಯನ್ನೂ ತಡವಿ ತಡವಿ ಇಟ್ಟು, ಕಣಿವೆಯ ನೆತ್ತಿಯವರೆಗೂ ಹೊತ್ತ.

ಕುದುರೆಗಳು ಹತ್ತಲಾರದ ಆ ನೆತ್ತಿಯಲ್ಲಿ ಒಂದು ಬಯಲಿದೆ. ಅಲ್ಲಿ ಸಿರಿಯಕ್ಕ ನಗುತ್ತ ಕೂಸನ್ನು ಇಸಿದುಕೊಂಡು, "ನಿನ್ನ ಹೊಟ್ಟೆ ತಣ್ಣಗಿರ್ಲಣ್ಣಾ," ಎಂದಳು. ಆ ಹೊತ್ತಿಗೆ ಹಂಪಣ್ಣ ಓಬಯ್ಯನ ಕುತ್ತಿಗೆ ಹಿಡಿದು ತಂದು, ಎಲ್ಲರಿಗೂ ಕೇಳುವಂತೆ, "ಮಹಾಸ್ವಾಮೀ, ಈ ದ್ರೋಹಿಗೆ ಏನಪ್ಪಣೆ?" ಎಂದ.

ಮಹಾಸ್ವಾಮಿ ಎಂಬ ಮಾತು ಕೇಳಿದ್ದೇ ತಡ, ಬಯಲಿಗೆ ಬಯಲೇ ಕುಸಿಯಿತು. ಯಾರೂ ಊದಿರಲಿಲ್ಲ. ತಿವಿದ ಮುದುಕಿ, ಗೌರಯ್ಯನ ಹೆಂಡತಿ, ಎಲ್ಲರೂ ಬೆನ್ನು ತಿರುಗಿಸಿ ಕೂತರು. ಸಿರಿಯಕ್ಕ ಕೂಸಿನ ಕಣ್ಣನ್ನು ಅಂಗೈಯಿಂದ ಮುಚ್ಚಿ ಕೂತಳು. ನಾಯಕ, "ಓಬಯ್ಯನನ್ನ ಬಿಡು," ಎಂದ. ಆಮೇಲೆ ಜನರತ್ತ ನೋಡಿ, "ಏಳ್ರಪ್ಪಾ. ಇತ್ತ ತಿರುಗ್ರಿ," ಎಂದ. ಯಾರೂ ತಿರುಗಲಿಲ್ಲ. "ತಾಯೀ, ನೀನಾದ್ರೂ ತಿರುಗು," ಎಂದು ಸಿರಿಯಕ್ಕನನ್ನು ಬೇಡಿದ. ಅವಳು ಕೂಸನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು, ಅಷ್ಟೇ. ತಿರುಗು ಮಗಳೇ, ಏನೂ ಆಗುವುದಿಲ್ಲ ಎಂದು ಹೇಳಬೇಕೆಂದು ಓಬಯ್ಯನಿಗೆ ಅನ್ನಿಸಿತು. ಆದರೆ ಜೀವ ಉಳಿದವನು ಕಾಲು ಮಡಚಿ ಕೂತು ತಾನೂ ಬೆನ್ನು ಮಾಡಿದ.

ಮುಂದೆ ದುರ್ಗ ಹಾಳಾಯಿತು, ನಾಯಕನ ವಂಶ ಎಲ್ಲಿ ಕರಗಿತೋ ತಿಳಿಯದು. ಕಣಿವೆ ಹತ್ತಿ ಬಂದವರಿಗೆ ಆ ಬಯಲಿನಲ್ಲಿ ಈಗ ಒಂದು ಕಲ್ಲಿನ ಮೂರ್ತಿ ಕಾಣುತ್ತದೆ. ಬರಿತಲೆಯ ಗಂಡಸು, ತೋಳಲ್ಲಿ ಕೂಸು. ಸುತ್ತಲಿನ ಹಳ್ಳಿಯವರು ಅದನ್ನು ಅಣ್ಣಪ್ಪ ಎನ್ನುತ್ತಾರೆ, ದೊರೆ ಎನ್ನುವುದಿಲ್ಲ. ಬಾಣಂತಿಯರು ಹೂವು ತಂದು ಏರಿಸುತ್ತಾರೆ. ಏರಿಸುವಾಗ ಮೂರ್ತಿಗೆ ಬೆನ್ನು ಮಾಡಿ ಕೂತು, ಕೈಯನ್ನು ಹಿಂದಕ್ಕೆ ಚಾಚಿ ಪಾದವನ್ನು ತಡಕಾಡುತ್ತಾರೆ. ಹೊರಗಿನಿಂದ ಬಂದವರು ನಗುತ್ತ ಫೋಟೋ ತೆಗೆಯುತ್ತಾರೆ. ಇದು ಭಕ್ತಿಯೋ ಭಯವೋ ಎಂದು ಕೇಳಿದರೆ, ಅಂಗೈಯಿಂದ ಕೂಸಿನ ಕಣ್ಣು ಮುಚ್ಚಿಕೊಂಡೇ ಅವರು ಬೆಟ್ಟ ಇಳಿಯತೊಡಗುತ್ತಾರೆ.