ಸಚಿವರಿಗೆ ತೊಡಿಸಿದ ಪೇಟ

ಬಟ್ಟೆ ಹೊಲಿಯುವವರೆಲ್ಲ ಬೆಂಕಿ ಆರಿಸಲು ಇಪ್ಪತ್ತು ಸಾವಿರ ಲೀಟರಿನ ನೀರಿನ ಟ್ಯಾಂಕ್ ಕಟ್ಟಿಸಬೇಕು, ಇಲ್ಲದಿದ್ದರೆ ಅಂಗಡಿಗೆ ಬೀಗ. ಆ ಮಸೂದೆ ಸೋಮವಾರ ಸದನಕ್ಕೆ ಬರುವುದಿತ್ತು. ನಮ್ಮೂರ ದರ್ಜಿಗಳ ಅಂಗಡಿಗಿಂತ ಆ ಟ್ಯಾಂಕೇ ದೊಡ್ಡದು!

ಮನವಿ ಹಿಡಿದು ವಿಧಾನಸೌಧಕ್ಕೆ ಹೋದ ದರ್ಜಿಗಳ ಸಂಘದವರನ್ನು ಸಚಿವ ವೃಷಭೇಂದ್ರಪ್ಪನವರು ಗದರಿ ಕಳಿಸಿದ್ದರು. "ಗಾರ್ಮೆಂಟ್ ಫ್ಯಾಕ್ಟರಿಯವರಿಗೆ ಸರಿಹೋಗಿದ್ದು ನಿಮಗ್ಯಾಕ್ರೀ ಸರಿಹೋಗಲ್ಲ?"

ಮುನ್ನಾದಿನ ಭಾನುವಾರ ಅದೇ ಸಚಿವರಿಗೆ ಊರಲ್ಲಿ ದರ್ಜಿಗಳ ಸಂಘದಿಂದಲೇ ಸನ್ಮಾನ. ತಾನೂ ದರ್ಜಿಯೇ ಆದ ಸಂಘದ ಗುಮಾಸ್ತ ಪೇಟ ತೊಡಿಸಿದ್ದೇ ತಡ, ಅದು ಜಾರಿ ಸಚಿವರ ಕಣ್ಣು, ಮೂಗು ಮುಚ್ಚಿತು. ಕ್ಯಾಮೆರಾಗಳು ಮಿಂಚಿದವು.

"ಯಾವನಯ್ಯಾ ಇದರ ಅಳತೆ ತಗೊಂಡೋನು?" ಪೇಟದೊಳಗಿಂದಲೇ ಸಚಿವರು ಗುಡುಗಿದರು.

"ನಾನೇ ಸ್ವಾಮಿ." ಗುಮಾಸ್ತ ಕೈಮುಗಿದ. "ಫ್ಯಾಕ್ಟರಿ ಧಣಿಗಳ ತಲೆಯ ಅಳತೆ. ಅವರಿಗೆ ಸರಿಹೋಗಿದ್ದು ಎಲ್ಲರಿಗೂ ಸರಿಹೋಗಬೇಕು ಅಂತ ತಾವೇ ಅಪ್ಪಣೆ ಕೊಡಿಸಿದ್ರಲ್ಲ."

ಸಚಿವರು ಪೇಟ ಮೇಲೆತ್ತಿದರು. ಅದು ಮತ್ತೆ ಜಾರಿತು. ಕೊನೆಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಗುಮಾಸ್ತನನ್ನೇ ದಿಟ್ಟಿಸಿದರು.

"ಟೇಪ್ ಇದೆಯೇನಯ್ಯ?"

"ಕೊರಳಲ್ಲೇ ಇದೆ ಸ್ವಾಮಿ. ತಲೆ ಅಳತೆ ತಗೊಳ್ಳಲಾ?"

"ತಲೆ ಆಮೇಲೆ. ಮೊದಲು ನಿಮ್ಮ ಅಂಗಡಿ ಅಳೆಯೋಣ, ನಡಿ."