ಅರಮನೆ ಅಂಗಳದ ರಂಗೋಲಿ

ಕಾಲು ಚಾಚಿ ಮಲಗು ಮಗಾ, ಹೇಳ್ತೀನಿ. ಒಂದಾನೊಂದು ಕಾಲ ಅಂತಾರಲ್ಲ, ಆ ಕಾಲದಲ್ಲಿ ಒಂದು ಅರಮನೆ ಇತ್ತಂತೆ, ಅದರ ಅಂಗಳಕ್ಕೆ ದಿನಾ ರಂಗೋಲಿ ಹಾಕೋಕೆ ಮೂರು ಜನ ಅಕ್ಕತಂಗೀರಂತೆ. ದೊಡ್ಡೋಳಿಗೂ ನಡುವಿನೋಳಿಗೂ ಚುಕ್ಕಿ ಇಟ್ಟರೇನೇ ಗೆರೆ ಬರೋದು. ಕಿರಿಯೋಳು ಪುಟ್ಟನಂಜಿಗೆ ಚುಕ್ಕೀನೇ ಬೇಡ, ಪುಡಿ ಹಿಡಿದು ಕೂತಳು ಅಂದ್ರೆ ಕೈ ತಾನಾಗೇ ಓಡೋದಂತೆ, ಒಂದು ದಿನ ಹಾಕಿದ್ದು ಇನ್ನೊಂದು ದಿನ ಇಲ್ಲ. ಇವತ್ತೇನು ಹಾಕಿದ್ದಾಳೆ ಅಂತ ನೋಡೋಕೇ ಊರೋರು ಹಾಲು ಮೊಸರು ಹೊತ್ಕೊಂಡು ಆ ದಾರೀಲಿ ಬರೋರಂತೆ.

ಆಮೇಲೆ ಅರಮನೆಗೆ ಮರಿಮಲ್ಲಯ್ಯ ಅಂತ ಹೊಸ ಗುರಿಕಾರ ಬಂದ, ಆಳುಗಳಿಗೆಲ್ಲ ಅವನೇ ಯಜಮಾನ. ಮುಖದಲ್ಲಿ ನಗು ಅನ್ನೋದೇ ಇಲ್ಲ ಪುಣ್ಯಾತ್ಮನಿಗೆ. ಬಂದೋನೇ ತಗಡಿನಲ್ಲಿ ತೂತು ಕೊರೆಸಿ ಒಂದು ಅಚ್ಚು ಮಾಡಿಸಿದನಂತೆ, ನೆಲದ ಮೇಲಿಟ್ಟು ಪುಡಿ ಉದುರಿಸಿ ಎತ್ತಿದರೆ ಆಯ್ತು, ದಿನಾ ಅದೇ ಕಮಲ. ಪುಟ್ಟನಂಜಿಗೆ ತಡೀಲಿಲ್ಲ, ಕಮಲದ ಪಕ್ಕ ಕತ್ತು ತಿರುಗಿಸಿದ ನವಿಲೊಂದನ್ನ ಬಿಟ್ಟಳು, ಅವನು ಅದರ ಮೇಲೆ ಕೊಡ ನೀರು ಸುರಿದ. ಆಮೇಲೆ ಕುಂಬಳದ ಬಳ್ಳಿ ಹಬ್ಬಿಸಿದಳು, ಊರೋರ ಎದುರಿಗೇ ಅವಳ ಸೆರಗಿನಲ್ಲೇ ಒರೆಸಿಸಿದನಂತೆ. ಮೂರನೇ ಸಲ ಕೈ ಮುಗಿದು ಕೇಳಿದಳು, ಒಂದು ಮೂಲೆ ಬಿಟ್ಟುಕೊಡಿ ಬುದ್ಧಿ, ಯಾರಿಗೂ ಕಾಣದ ಮೂಲೆ ಆದ್ರೂ ಸರಿ ಅಂತ.

"ನಿನ್ನ ಕೈ ಬಂದ್ರೆ ಸಾಕು, ತಲೆ ಮನೇಲೇ ಇಟ್ಟು ಬಾ" ಅಂದನಂತೆ.

ಅವಳು ಹಾಗೇ ಮಾಡಿದಳು ನೋಡು. ವರ್ಷಗಟ್ಟಲೆ ಅಚ್ಚು ಇಟ್ಟಳು, ಎತ್ತಿದಳು. ಬೈಗುಳ ನಿಂತಿತು, ನೋಡೋಕೆ ಬರೋರೂ ನಿಂತರು.

ಆಮೇಲೆ ರಾಜನ ಮಗಳ ಮದುವೆ ಬಂತು. ಯಾರೂ ಎಲ್ಲೂ ನೋಡಿರದಂಥ ರಂಗೋಲಿ ಬೇಕು ಅಂದಳಂತೆ ರಾಣಿ. ಬೇಡ ಅನ್ನೋದು ಬಿಟ್ಟು ಗುರಿಕಾರನಿಗೆ ಇನ್ನೇನು ಗೊತ್ತಿತ್ತು? ನಿನ್ನಿಷ್ಟ ಬಂದಿದ್ದು ಹಾಕವ್ವ ಪುಟ್ಟನಂಜಿ ಅಂತ ಗೋಗರೆದನಂತೆ. ಅವಳು ಪುಡಿ ಹಿಡಿದು ಕೂತಳು. ಬಿಸಿಲು ಏರಿತು, ಬೆರಳ ಸಂದಿಯಿಂದ ಪುಡಿ ಸುಮ್ಮನೆ ಉದುರಿ ಗುಡ್ಡೆಯಾಯ್ತು, ಗೆರೆ ಮಾತ್ರ ಬರಲಿಲ್ಲ. ಅಂಗಳ ಬರಿದಾಗೇ ಉಳಿದು ಬೀಗರ ಮುಂದೆ ಮಾನ ಹೋಯ್ತಂತೆ.

ರಾಣಿ ಗುರಿಕಾರನನ್ನ ಓಡಿಸಿದಳು. ಒಳ್ಳೆಯೋಳು, ಅಕ್ಕತಂಗೀರಿಗೆ ಮನೆ ಕೊಟ್ಟಳು, ಕಣಜ ತುಂಬ ರಾಗಿ ಕೊಟ್ಟಳು, ಇನ್ಮೇಲೆ ನಿಮ್ಮನ್ನ ಯಾರೂ ಏನೂ ಅನ್ನಲ್ಲ ಅಂದಳಂತೆ. ಉಂಡುಟ್ಟು ಸುಖವಾಗೇ ಇದ್ದರು. ಪುಟ್ಟನಂಜಿ ಮುದುಕಿಯಾದ ಮೇಲೆ ಒಂದು ದಿನ ಅವಳ ಮೊಮ್ಮಗಳು ಬಾಗಿಲಲ್ಲಿ ಕೂತು, ಅಜ್ಜೀ ನಂಗೊಂದು ಬೆಕ್ಕು ಹಾಕಿಕೊಡು ಅಂದಳಂತೆ. ಪುಟ್ಟನಂಜಿ ಪುಡಿ ತಗೊಂಡಳು, ಆ ಕಡೆ ನೋಡಿದಳು, ಈ ಕಡೆ ನೋಡಿದಳು.

"ಯಾರನ್ನ ಕೇಳ್ಬೇಕು ಮಗಾ?" ಅಂದಳಂತೆ.

ಇಲ್ಲಿಗೆ ಕತೆ ಮುಗೀತು. ಆ ಗುರಿಕಾರ ಹಾಳಾಗಿ ಹೋಗ್ಲಿ, ನೀನು ಕಣ್ಣು ಮುಚ್ಚು.