ಅಪ್ಪ ತಳ್ಳಿಟ್ಟ ಸೀಟು

"ಅಜ್ಜಾರ, ನಿಮ್ಮಂಗ ಕತ್ತು ಎಡಕ್ಕ ವಾಲಿಸಿ ಧ್ಯಾನಕ್ಕ ಕುಂತು ಆರು ತಿಂಗಳಾತು. ನೋವು ಬಿಟ್ಟರ ಬ್ಯಾರೆ ಏನೂ ಒಲಿದಿಲ್ಲ. ಇನ್ನೂ ಎಷ್ಟು ದಿನ ಹಿಂಗ ಕುಂದರಬೇಕ್ರಿ?"

ಕೇಳಿದವನು ಅಡಿವೆಪ್ಪ. ಗುರುವಿನ ನಡೆಯನ್ನು ತನ್ನಷ್ಟು ಚೊಕ್ಕವಾಗಿ ಹಿಡಿದ ಶಿಷ್ಯ ಸುತ್ತ ಏಳು ಹಳ್ಳಿಯಲ್ಲಿ ಹುಟ್ಟಿಲ್ಲವೆಂಬ ಹೆಮ್ಮೆ ಅವನದು. ಮಠದ ಪೀಠದ ಮೇಲೆ ಮನಸ್ಸಿನಲ್ಲಿ ಆಗಲೇ ಕೂತುಬಿಟ್ಟಿದ್ದ. ಅದಕ್ಕೇ ನರ ಸೆಳೆದರೂ ಕತ್ತು ನೆಟ್ಟಗೆ ಮಾಡುತ್ತಿರಲಿಲ್ಲ.

ಗುರುವಾದ ಅಜ್ಜ ನಗಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಅಪ್ಪ ತೀರಿಕೊಂಡ ಮೇಲೆ ಅಪ್ಪನ ಕಾರು ಅವನ ಕೈಗೆ ಬಂತು. ಅಪ್ಪ ಬಾಗಿಲ ಚೌಕಟ್ಟಿಗೆ ತಲೆ ತಾಗುವಂಥ ಆಳು. ಮಗ ಅವನ ಹೆಗಲಿಗೆ ಬರುತ್ತಿದ್ದ. ಅಪ್ಪ ಡ್ರೈವರ್ ಸೀಟನ್ನು ಇನ್ನು ಹೋಗದಷ್ಟು ಹಿಂದಕ್ಕೆ ತಳ್ಳಿ, ಅದರ ಬೆನ್ನನ್ನು ಮಲಗಿಸಿಟ್ಟಿದ್ದ. ತಲೆಯಾನಿಸುವ ದಿಂಬನ್ನು ತನ್ನ ಎತ್ತರಕ್ಕೆ ಎಳೆದುಕೊಂಡಿದ್ದ. ಅದರ ಮೇಲೆ ಅವನ ತಲೆಯೆಣ್ಣೆಯ ಕಲೆ ಇನ್ನೂ ಇತ್ತು. ಮಗ ದಿನಾ ಆ ಕಲೆಗೆ ವಿಭೂತಿ ಹಚ್ಚಿಯೇ ಕೀಲಿ ತಿರುಗಿಸುತ್ತಿದ್ದ.

ಆದರೆ ಒರಗಿ ಕೂತರೆ ಅವನಿಗೆ ಸ್ಟೇರಿಂಗ್ ನಿಲುಕುತ್ತಿರಲಿಲ್ಲ. ಸೀಟಿನ ತುದಿಗೆ ಬಂದು, ಮುಂದಕ್ಕೆ ಬಾಗಿ ಓಡಿಸುತ್ತಿದ್ದ. ತಲೆಗೂ ದಿಂಬಿಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಬಯಲು. ಬ್ರೇಕಿಗೆ ಬರೀ ಹೆಬ್ಬೆರಳು ಮುಟ್ಟುತ್ತಿತ್ತು. ಗ್ಯಾರೇಜಿನ ಮೇಸ್ತ್ರಿ ಒಮ್ಮೆ ಇದನ್ನು ನೋಡಿ, ಸಾವ್ಕಾರ, ಸೀಟು ನಾಲ್ಕು ಬೆರಳು ಮುಂದಕ್ಕ ಎಳಕೊಳ್ರಿ, ಈ ವಯಸ್ಸಿನಾಗ ಕಾಲು ಬೆಳೆಯಂಗಿಲ್ಲ ಅಂದ. ವ್ಯಾಪಾರಿಗೆ ಮೈ ಉರಿಯಿತು.

"ನಮ್ಮಪ್ಪ ಕುಂತ ಜಾಗಾ ಇದು. ಕಾಲು ಹರಕೊಂಡು ಬಿದ್ದರೂ ಸರಿಸಂಗಿಲ್ಲ" ಎಂದ.

ಊರವರು ಮಗ ಅಂದರೆ ಹೀಗಿರಬೇಕು ಎಂದು ಕೊಂಡಾಡಿದರು. ಆ ಮಾತು ಅವನ ಕಿವಿಗೂ ಬಿತ್ತು. ಅಲ್ಲಿಗೆ ಸೀಟು ಶಿಲೆಯಾಯಿತು.

ಸುಗ್ಗಿಯ ಕಾಲ. ಗಾಡಿಗಳು ತುಳಿದು ಕಾಳು ಬಿಡಲಿ ಎಂದು ಡಾಂಬರು ರಸ್ತೆಗೆ ಹುರುಳಿ ಹರವಿದ್ದರು. ಒಬ್ಬ ಹೆಂಗಸು ಬೆನ್ನು ಮಾಡಿ ಅದನ್ನು ತಿರುವಿ ಹಾಕುತ್ತಿದ್ದಳು. ವ್ಯಾಪಾರಿಗೆ ಅವಳು ದೂರದಿಂದಲೇ ಕಂಡಳು. ನಿಲ್ಲಿಸಲು ಬೇಕಾದಷ್ಟು ಜಾಗವಿತ್ತು. ಬ್ರೇಕೂ ಗಟ್ಟಿಯಾಗಿತ್ತು. ಕಾಲು ಚಾಚಿ ಒತ್ತಿದ. ಹೆಬ್ಬೆರಳು ಜಾರಿತು. ಎರಡನೆಯ ಸಲ ಒತ್ತಿ ಕಾರು ನಿಲ್ಲಿಸುವಷ್ಟರಲ್ಲಿ ಅವಳು ಚಕ್ರದ ಕೆಳಗಿದ್ದಳು. ಹಿಂದೆ ಬರುತ್ತಿದ್ದ ಟೆಂಪೊ ನಿಂತ ಕಾರಿಗೆ ಗುದ್ದಿತು. ಅವನ ತಲೆ ಹಿಂದಕ್ಕೆ ಹಾರಿತು. ಅದನ್ನು ಹಿಡಿಯಬೇಕಾದ ದಿಂಬು ಎಲ್ಲೋ ಹಿಂದೆ, ವಿಭೂತಿ ಬಳಿದುಕೊಂಡು ಕೂತಿತ್ತು.

ಹೆಂಗಸು ಅಲ್ಲೇ ಸತ್ತಳು. ಅವನು ಬದುಕಿದ.

ಆಸ್ಪತ್ರೆಗೆ ತಾಯಿ ಬಂದಳು. ಆಗಲೂ ಅವನ ಜಂಬ ಪೂರ್ತಿ ಇಳಿದಿರಲಿಲ್ಲ. ಏನೇ ಆಗಲಿ, ಅಪ್ಪನ ಸೀಟನ್ನು ಕೂದಲೆಳೆಯಷ್ಟೂ ಸರಿಸಲಿಲ್ಲ ಎಂದ. ತಾಯಿ ಹಣೆ ಬಡಿದುಕೊಂಡಳು.

"ಯಪ್ಪಾ, ಎತ್ತಿನ ಚಕ್ಕಡಿಯಿಂದ ಬಿದ್ದ ಮ್ಯಾಲೆ ನಿಮ್ಮಪ್ಪಾರಿಗೆ ಎಡಗಾಲು ಮಡಚಾಕ ಬರತಿರಲಿಲ್ಲ. ಅದಕ್ಕ ಸೀಟು ಅಷ್ಟು ಹಿಂದಕ್ಕ ತಳ್ಳಿದ್ರು. ಇಳಿದಾಗೊಮ್ಮೆ ಆ ಸೀಟಿಗೆ ಬೈತಿದ್ರು."

ಕತೆ ಅಲ್ಲಿಗೆ ನಿಂತಿತು. ಅಡಿವೆಪ್ಪನಿಗೆ ಸಮಾಧಾನವಾಗಲಿಲ್ಲ. ಆ ವ್ಯಾಪಾರಿ ಮುಂದೇನಾದ ಎಂದು ಕೇಳಿದ. ಪಕ್ಕಕ್ಕೆ ನೋಡಬೇಕಾದರೆ ಅಜ್ಜ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ನಿಧಾನವಾಗಿ ತಿರುಗಿಸಿದರು.

"ಅವತ್ತ ಮುರಿದ ಕತ್ತು ಇದು. ಅಡಿವೆಪ್ಪ, ನಿನ್ನ ಕತ್ತಿಗೆ ಏನಾಗೇತಿ?"